ಹನ್ನೊಂದು ರೊಟ್ಟಿ ಉಂಡ ದಿನ

ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥ ಮಾತು ಎತ್ತಿದವರನ್ನು ಎದುರಿಗೇ ನಕ್ಕು ಕಳಿಸಿದವಳು ನಾನು. ಸಿಂಧನೂರಿನಲ್ಲಿ ಆರು ಹೆಂಗಸರನ್ನು ಇಟ್ಟುಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ದಿನವಿಡೀ ಒಲೆಯ ಮುಂದೆ ಕೂತವರಿಗೆ ದೆವ್ವದ ಪುರುಸೊತ್ತು ಎಲ್ಲಿಂದ ಬರಬೇಕು? ಆದರೂ ನಾಲ್ಕು ವರ್ಷದ ಹಿಂದೆ ನಡೆದದ್ದನ್ನು ಬರೆಯದೆ ಇರಲಾಗುತ್ತಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡುನಡುವೆ ಸಿಟ್ಟು ಕಂಡರೆ ಸಹಿಸಿಕೊಳ್ಳಿ, ಅದು ಇನ್ನೂ ಇಳಿದಿಲ್ಲ.

ಮಸ್ಕಿಯಲ್ಲಿ ನನ್ನ ಅಕ್ಕನ ಮನೆ. ಭಾವನದು ಕಿರಾಣಿ ಅಂಗಡಿ. ಮಗಳು ಶಿವಲೀಲಾಗೆ ಆಗ ಹತ್ತೊಂಬತ್ತು. ಆ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ತುತ್ತು ಮುಟ್ಟುವುದಿಲ್ಲ, ಪೂಜೆಗೆ ಕೂತವರ ಬಾಗಿಲನ್ನು ಯಾರೂ ಬಡಿಯುವುದಿಲ್ಲ. ಹುಡುಗಿಯನ್ನು ನೋಡಲು ಬಂದ ಗಂಡಿನ ಕಡೆಯ ಹೆಂಗಸೊಬ್ಬಳು ಅವಳ ತೋಳು ಹಿಡಿದು, "ಹುಡುಗಿ ಚಂದ ಅದಾಳ, ಮೈ ಒಂದೀಟು ಇಳೀಬೇಕು ನೋಡ್ರಿ" ಎಂದು ಹೋದಳು. ಆಮೇಲೆ ಶಿವಲೀಲಾಳ ಪೂಜೆ ಬೆಳೆಯತೊಡಗಿತು. ಅರ್ಧ ತಾಸಿನದು ಎರಡು ತಾಸಾಯಿತು, ಮೂರಾಯಿತು. ಸೋಮವಾರದ ಉಪವಾಸ ಗುರುವಾರಕ್ಕೂ ಶನಿವಾರಕ್ಕೂ ಹಬ್ಬಿತು. ಉಳಿದ ದಿನ ಪ್ರಸಾದವೆಂದು ಎರಡು ಬೆರಳಲ್ಲಿ ಚೂರು ಬಾಯಿಗಿಟ್ಟು ಎದ್ದುಬಿಡುತ್ತಿದ್ದಳು. ಕೂದಲು ಉದುರಿತು, ಮುಟ್ಟು ನಿಂತಿತು. ಅಕ್ಕ ಅದನ್ನೂ ಹೆಮ್ಮೆಯಿಂದಲೇ ಹೇಳಿದಳು. ಓಣಿಯ ಹೆಂಗಸರು ಶರಣೆ ಎಂದು ಬಂದು ಆ ಹುಡುಗಿಯ ಕಾಲಿಗೆ ಬೀಳುತ್ತಿದ್ದರು. ಬರೀ ಎಲುಬಾದ ಕಾಲು ಒಬ್ಬಳ ಕಣ್ಣಿಗೂ ಕಾಣಲಿಲ್ಲವೇ? ನನಗೂ ಕಾಣಲಿಲ್ಲ ಅನ್ನಿ. ದೀಪಾವಳಿಗೆ ಹೋದಾಗ, ಮನೆತನಕ್ಕೆ ಪುಣ್ಯ ತಂದುಕೊಟ್ಟೆ ನೀನು ಎಂದು ಅವಳ ಗಲ್ಲ ಸವರಿ ಬಂದಿದ್ದೆ. ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅದೊಂದು ಸೋಮವಾರ. ಬೆಳಿಗ್ಗೆ ಉಪ್ಪಿಟ್ಟು ತಿಂದೇ ಕೆಲಸಕ್ಕೆ ಕೂತಿದ್ದೆ. ಹನ್ನೊಂದರ ಹೊತ್ತಿಗೆ ಒಮ್ಮೆಲೇ ಹಸಿವು ಎದ್ದಿತು. ಎರಡು ರೊಟ್ಟಿಯ ಮೇಲೆ ಎಂದೂ ಉಂಡವಳಲ್ಲ. ಹಂಚಿನಿಂದ ಇಳಿಸಿದ್ದನ್ನು ಬಿಸಿಬಿಸಿಯೇ ಎತ್ತಿ, ಪಲ್ಯ ಚಟ್ನಿ ಏನೂ ಇಲ್ಲದೆ ತಿಂದೆ. ಹನ್ನೊಂದು ರೊಟ್ಟಿ. ಬಡಿಯುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಹೊಟ್ಟೆಗೆ ಏನೂ ಬಿದ್ದೇ ಇಲ್ಲವೆಂಬಂತೆ ಅಳು ಬಂತು. ಹಸಿವಿನಿಂದ ನಾನು ಅತ್ತದ್ದು ಅದೇ ಮೊದಲು. ಈ ಹಸಿವು ನನ್ನದಲ್ಲ ಎಂದು ಹೇಗೆ ಗೊತ್ತಾಯಿತೋ, ಬಾಯಲ್ಲಿ ಶಿವಲೀಲಾಳ ಹೆಸರು ಬಂತು.

ಅಕ್ಕನಿಗೆ ಫೋನ್ ಹಚ್ಚಿದೆ. ಹುಡುಗಿ ಏಳಕ್ಕೇ ಪೂಜೆಗೆ ಕೂತವಳು ಇನ್ನೂ ಎದ್ದಿಲ್ಲ ಎಂದಳು. ಬಾಗಿಲು ತೆಗೆದು ನೋಡು ಎಂದರೆ ನನಗೇ ಬುದ್ಧಿ ಹೇಳಿದಳು. ಹಿಟ್ಟಿನ ಕೈಯಲ್ಲೇ ಬಸ್ ಹತ್ತಿದೆ. ಮಸ್ಕಿ ಮುಟ್ಟಿದಾಗ ಒಂದು ಗಂಟೆ. ಅಕ್ಕ ಭಾವ ಇಬ್ಬರೂ ದೇವರ ಕೋಣೆಯ ಹೊರಗೆ ಕಾಯುತ್ತ ಕೂತಿದ್ದರು. ಅಕ್ಕ ಎದ್ದು ಅಡ್ಡ ನಿಂತಳು.

"ಪೂಜಾ ಕೆಡಿಸಬ್ಯಾಡ. ಪಾಪ ಸುತ್ಕೋತೈತಿ."

"ಸುತ್ಕೊಂಡ್ರ ನನಗ ಸುತ್ಕೊಳ್ಳಲಿ. ನೀ ಅತ್ಲಾಗ ಸರಿಯಕ್ಕ."

ಒಳಗೆ ಚಿಲಕವನ್ನೂ ಹಾಕಿರಲಿಲ್ಲ. ಒಮ್ಮೆ ದೂಡಿದರೆ ತೆರೆಯುವ ಬಾಗಿಲು ಅದು. ಹುಡುಗಿ ಗೋಡೆಯ ಬದಿಗೆ ಬಿದ್ದಿದ್ದಳು. ಮೈ ತಣ್ಣಗಿತ್ತು, ಉಸಿರಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈಯಿಟ್ಟು ನೋಡಬೇಕಾಯಿತು.

ಲಿಂಗಸುಗೂರಿಗೆ ಒಯ್ದೆವು. ಆಸ್ಪತ್ರೆಯಲ್ಲಿ ಅವಳಿಗೆ ಸಲಾಯಿನ್ ಹಚ್ಚಿದ ಸ್ವಲ್ಪ ಹೊತ್ತಿಗೆ ನನ್ನ ಹಸಿವು ನಿಂತಿತು. ಹನ್ನೊಂದು ರೊಟ್ಟಿಯ ಭಾರ ಆಗ ಒಟ್ಟಿಗೇ ಗೊತ್ತಾಗಿ, ಹೊರಗೆ ಓಡಿ ವಾಂತಿ ಮಾಡಿಕೊಂಡೆ.

ಮುಂದೆ ಮನೋವೈದ್ಯರಿಗೆ ತೋರಿಸಿದೆವು. ಇದು ಕಾಯಿಲೆ, ಭಕ್ತಿಯಲ್ಲ, ಹಟವೂ ಅಲ್ಲ ಎಂದರು. ದಪ್ಪಗಾಗುವ ಭಯ ಹುಡುಗಿಯ ಮನಸ್ಸನ್ನು ಹಿಡಿದಿತ್ತಂತೆ. ಗಂಡಿನ ಕಡೆಯ ಆ ಹೆಂಗಸಿನ ಮಾತೊಂದೇ ಕಾರಣವಲ್ಲ, ಏನು ಮಾಡಿದರೂ ತಪ್ಪಿಲ್ಲದಂತೆ ಮಾಡಬೇಕೆಂಬ ಅವಳ ಸ್ವಭಾವವೂ ಸೇರಿರಬಹುದು, ನೀವೆಲ್ಲ ಹೊಗಳಿ ಹೊಗಳಿ ಬೆಳೆಸಿದಿರಿ ಎಂದರು. ಅಕ್ಕ ಡಬ್ಬಿ ತುಂಬ ಹೋಳಿಗೆ ತಂದಾಗ ಅದನ್ನೂ ತಡೆದರು. ಅಷ್ಟು ಬರಿದಾದ ಮೈಗೆ ಒಮ್ಮೆಲೇ ತುಂಬಿದರೆ ಜೀವಕ್ಕೇ ಅಪಾಯವಂತೆ. ತಿಂಗಳುಗಟ್ಟಲೆ ಚೂರುಚೂರೇ ಊಟ, ಮೇಲಿಂದ ಮೇಲೆ ತೂಕ, ಅವಳ ಜೊತೆ ಮಾತು, ಅಕ್ಕ ಭಾವನ ಜೊತೆಗೂ ಮಾತು. ಈಗ ಒಂದೂವರೆ ರೊಟ್ಟಿ ಉಣ್ಣುತ್ತಾಳೆ. ಕೆಲವು ದಿನ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಡುತ್ತಾಳೆ, ನಾವು ಬೈಯುವುದಿಲ್ಲ. ನಿನಗೆ ಹಸಿವೇ ಆಗುತ್ತಿರಲಿಲ್ಲವೇ ಎಂದು ಒಮ್ಮೆ ಕೇಳಿದೆ.

"ಆಗತಿತ್ತು ಚಿಗವ್ವ, ದಿನಾ ಆಗತಿತ್ತು. ಹಂಗಂತ ಹೇಳಿದ್ರ, ನನ್ನ ಶರಣಿ ಅಂತ ಯಾರು ಕರೀತಿದ್ರು?"

ನನ್ನ ಹಸಿವಿನ ಸಂಗತಿಯನ್ನೂ ವೈದ್ಯರ ಮುಂದೆ ಇಟ್ಟೆ. ಗಾಬರಿಗೆ ಹಾಗಾಗಿರಬಹುದು ಎಂದರು. ಆ ಬೆಳಿಗ್ಗೆ ಉಪ್ಪಿಟ್ಟು ತಿಂದು ರೊಟ್ಟಿ ಬಡಿಯುತ್ತಿದ್ದವಳಿಗೆ ಯಾವ ಗಾಬರಿ? ಮಸ್ಕಿಯ ಹಸಿವು ಸಿಂಧನೂರಿಗೆ ಹೇಗೆ ಬಂತೋ ತಿಳಿದವರು ಹೇಳಲಿ, ಕೇಳುತ್ತೇನೆ. ಆದರೆ ನನ್ನ ಮೈ ಉರಿಯುವುದು ಅದಕ್ಕಲ್ಲ. ಅಷ್ಟು ದೂರ ನನ್ನನ್ನು ಹುಡುಕಿಕೊಂಡು ಬಂದ ಹಸಿವು, ಬಾಗಿಲ ಹೊರಗೇ ಕೂತಿದ್ದ ಹೆತ್ತವರಿಗೆ ಮುಟ್ಟಲಿಲ್ಲ.