ಎಲ್ಲರ ಮನೆಯ ಎಣ್ಣೆಗಾಯಿ

ನನ್ನ ಹೆಸರಿಟ್ಟುಕೊಂಡ ಹಡಗೊಂದು ನನಗಿಂತ ಹೆಚ್ಚು ದಿನ ನನ್ನ ಗಂಡನ ಜೊತೆ ಇತ್ತು. ಹಡಗೆಂದರೆ ಸಮುದ್ರ ದಾಟುವ ದೊಡ್ಡ ಹಡಗಲ್ಲ. ಗೋವಾದ ನದಿಗಳಲ್ಲಿ ಗಣಿಯ ಅದಿರು ತುಂಬಿಕೊಂಡು ಬಂದರಿಗೆ ಹೋಗುವ ಬಾರ್ಜು. ಎಪ್ಪತ್ತರ ದಶಕದಲ್ಲಿ ನಮ್ಮವರು ಖಾನಾಪುರದ ಕಟ್ಟಿಗೆ ವ್ಯಾಪಾರ ಬಿಟ್ಟು ವಾಸ್ಕೋಕ್ಕೆ ಹೋದರು. ಮೊದಲು ಬಾಡಿಗೆ ಬಾರ್ಜು ನಡೆಸಿದರು, ಆಮೇಲೆ ಸ್ವಂತದ್ದು ಕೊಂಡು ಅದರ ಮುಂಭಾಗಕ್ಕೆ ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆಸಿದರು. ನನ್ನ ತವರು ಬೆಳಗಾವಿಯ ವಡಗಾವಿ. ಅಲ್ಲಿನ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೆ ಪಕ್ಕದವರ ಮಾತು ಕೇಳಿಸುವುದಿಲ್ಲ, ಆದರೂ ಈ ಸುದ್ದಿ ಎಲ್ಲರ ಕಿವಿಗೂ ಬಿತ್ತು. "ನಮ್ಮ ಹುಡುಗಿ ಹೆಸರು ನೀರಿನ ಮ್ಯಾಲ ತೇಲಾಕತ್ತೈತಿ" ಎಂದು ಅವ್ವ ಹಿಗ್ಗಿದಳು. ನಾನು ಹಿಗ್ಗಲಿಲ್ಲ. ವಾರದಲ್ಲಿ ಆರು ದಿನ ನೀರಿನ ಮೇಲಿನ ಅವಳು ಅವರ ಜೊತೆ, ಒಂದು ದಿನ ನಾನು. ನನ್ನ ಹೆಸರಿಟ್ಟ ಮಾತ್ರಕ್ಕೆ ಸವತಿ ತಂಗಿಯಾಗುತ್ತಾಳೆಯೇ?

ಶನಿವಾರ ಲೋಂಡಾ ಮೇಲಿಂದ ಬರುವ ರೈಲಿನಲ್ಲಿ ಬೆಳಗಾವಿಗೆ ಬಂದಿಳಿಯುತ್ತಿದ್ದರು. ನೆಹರು ನಗರದ ನಮ್ಮ ಮನೆಯ ಸುತ್ತ ಆಗ ಖಾಲಿ ಜಾಗವೇ ಹೆಚ್ಚು, ಅವರು ಕೂತ ಟಾಂಗಾ ದೂರದಿಂದಲೇ ಕಾಣುತ್ತಿತ್ತು. ಅಂಗಿಗೆ ಡೀಸೆಲ್ಲಿನ ವಾಸನೆ, ಮೀನಿನ ವಾಸನೆ. ಲಿಂಗಪೂಜೆಯ ಮನೆಯೊಳಗೆ ಆ ವಾಸನೆ ನುಗ್ಗಿದರೆ ಅತ್ತೆ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನನಗೆ ಮೀನಿನ ಚಿಂತೆ ಇರಲಿಲ್ಲ, ಅದನ್ನು ಕರಿಯುವವಳು ಯಾರೆಂಬ ಚಿಂತೆ.

"ಅಲ್ಲಿ ನಿಮಗ ಅಡಿಗಿ ಯಾರು ಮಾಡಿ ಹಾಕ್ತಾರ್ರಿ?"

"ಖಾನಾವಳಿ ಐತಿ."

"ಖಾನಾವಳಿ ಯಾರದು?"

"ಒಬ್ಬ ಮುದುಕಂದು. ಇನ್ನೇನು ಅವನ ಜಾತಕಾ ತರಲೇನು?"

ನಾನು ನಂಬಲಿಲ್ಲ. ಹಟ ಹಿಡಿದು ಒಮ್ಮೆ ಅವರ ಜೊತೆ ಹೋಗಿ ನೋಡಿಯೇ ಬಂದೆ. ಖರೇ, ಬೋಳುತಲೆಯ ಮುದುಕನೇ. ಅವನ ನೀರು ಸಾರು ಉಂಡ ಮೇಲೆ ನನ್ನ ಅನುಮಾನವೆಲ್ಲ ತೊಳೆದುಹೋಯಿತು. ಆದರೆ ಸಂಜೆ ಬಾರ್ಜು ಕಟ್ಟುವ ಧಕ್ಕೆಯ ಮೇಲೆ ನಿಂತಾಗ ನಮ್ಮವರು ಆ ಬಾರ್ಜಿನ ಕಬ್ಬಿಣದ ಮೈಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ್ದನ್ನು ಕಂಡೆ. ನನ್ನ ಬೆನ್ನನ್ನು ಅವರು ಎಂದೂ ಹಾಗೆ ತಟ್ಟಿರಲಿಲ್ಲ. 

ನಮ್ಮವರಿಗೆ ಹೊಗಳುವುದೇ ಗೊತ್ತಿರಲಿಲ್ಲ. ಶನಿವಾರಕ್ಕೆಂದು ನಾನು ಎಳೆಯ ಬದನೆಕಾಯಿ ಆರಿಸಿ ತಂದು, ಗುರೆಳ್ಳು, ಶೇಂಗಾ ಹುರಿದು ಕುಟ್ಟಿ, ಹುಣಸೆಹುಳಿ, ಬೆಲ್ಲ ಸೇರಿಸಿ ಎಣ್ಣೆಗಾಯಿ ಮಾಡುತ್ತಿದ್ದೆ. ನನ್ನ ಎಣ್ಣೆಗಾಯಿಗೆ ಬೀಗರೆಲ್ಲ ಬೆರಳು ನೆಕ್ಕುತ್ತಿದ್ದರು. ಇವರು ಮಾತ್ರ ಸದ್ದಿಲ್ಲದೆ ಉಣ್ಣುತ್ತಿದ್ದರು. "ಹ್ಯಾಂಗ ಆಗೇತ್ರಿ?" ಎಂದು ಕೇಳಿದರೆ "ಹೂಂ, ಆಗೇತಿ" ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದರು. ಇಂದಲ್ಲ ನಾಳೆ ಒಂದು ಒಳ್ಳೆಯ ಮಾತು ಬಂದೀತೆಂದು ನಾನು ವರ್ಷಗಟ್ಟಲೆ ಕಾದೆ.

ಎಂಬತ್ತರ ದಶಕದಲ್ಲಿ ಜಿಲ್ಲಾ ಪರಿಷತ್ತಿನ ಚುನಾವಣೆ ಬಂತು. ಇವರ ಹುಟ್ಟೂರಾದ, ಖಾನಾಪುರ ತಾಲ್ಲೂಕಿನ ನಂದಗಡದಿಂದ ನಾಲ್ಕು ಹಿರಿಯರು ಮನೆಗೆ ಬಂದು ಕೂತರು. "ಹಡಗಿನ ಸಾವ್ಕಾರ್ರು ನಿಂತ್ರ ಗೆದ್ದಂಗ" ಎಂದರು. ಆ ಮಾತಿಗೆ ಇವರ ತಲೆ ತಿರುಗಿತು. ಗೋವಾದ ವ್ಯವಹಾರವನ್ನೆಲ್ಲ ಮುಗಿಸಿದರು, ನನ್ನ ಹೆಸರಿನ ಬಾರ್ಜನ್ನೂ ಮಾರಿದರು. "ಬ್ಯಾಸರಾತೇನು?" ಎಂದು ಮೆಲ್ಲಗೆ ಕೇಳಿದರು. ನಾನು ಆ ದಿನ ಹೋಳಿಗೆ ಮಾಡಿದೆ. ಗಂಡ ಚುನಾವಣೆಗೆ ನಿಂತ ಖುಷಿಗೆ ಎಂದು ನೆರೆಯವರು ತಿಳಿದರು. ಸವತಿ ಕಾಟ ತಪ್ಪಿತು, ಇನ್ನು ದಿನಾ ನನ್ನ ಕಣ್ಣ ಮುಂದೆ ಇರುತ್ತಾರೆ ಎಂಬ ಖುಷಿ ನನ್ನದು.

ಬಾಣಲೆಯಿಂದ ಬೆಂಕಿಗೆ ಬಿದ್ದೆ. ಬಾರ್ಜಿಗೆ ಭಾನುವಾರವಾದರೂ ರಜೆ ಇತ್ತು, ಜನಕ್ಕೆ ಇರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಪಡಸಾಲೆ ತುಂಬುತ್ತಿತ್ತು. ಇವರು ಚಹಾ ಕುಡಿದು ಜೀಪು ಹತ್ತಿದರೆ ಊಟವೆಲ್ಲ ಹಳ್ಳಿಗಳಲ್ಲೇ, ಮತದಾರರ ಮನೆಗಳಲ್ಲೇ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅತ್ತೆ ಗೊಣಗುತ್ತಿದ್ದರು. ನನ್ನ ಬದನೆಕಾಯಿ ಬುಟ್ಟಿಯಲ್ಲೇ ಬಾಡುತ್ತಿತ್ತು.

ಆಮೇಲೆ ಹೆಂಗಸರ ಓಟಿಗಾಗಿ ನನ್ನನ್ನೂ ಹೊರಡಿಸಿದರು. ಕುಂಕುಮದ ಭರಣಿ ಹಿಡಿದು ನಂದಗಡದಲ್ಲಿ ಮನೆ ಮನೆ ತಿರುಗಿದೆ. ಮೊದಲ ಮನೆಯಾಕೆ "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿ, ನಾನು ಕೂರುವುದನ್ನೇ ಕಾಯುತ್ತಿದ್ದವಳಂತೆ ಶುರು ಮಾಡಿದಳು.

"ನಿನ್ನಿ ಸಾವ್ಕಾರ್ರು ನಮ್ಮನ್ಯಾಗ ಉಂಡ್ರು ನೋಡ್ರಿ. ಎಣಗಾಯಿ ತಿಂದು ಏನಂದ್ರು ಗೊತ್ತೇನ್ರಿ? 'ಅಕ್ಕಾರ, ಭಾಳ ಚಲೋ ಆಗೇತ್ರಿ. ನಮ್ಮ ಮನ್ಯಾಗ ಇಂಥಾ ರುಚಿ ಇಲ್ಲ ನೋಡ್ರಿ' ಅಂದ್ರು!"

ಹೇಳಿ ನನ್ನ ಮುಖವನ್ನು ಕನಿಕರದಿಂದ ನೋಡಿದಳು. "ಹೌದ್ರಿ, ಮನಿಗೆ ಬಂದು ನನ್ನ ಮುಂದನೂ ಅದನ್ನ ಅಂದ್ರು" ಎಂದು ನಕ್ಕೆ. ಅವಳ ಹಣೆಗೆ ಕುಂಕುಮವನ್ನು ಮೂಗಿನ ಮೇಲೆ ಉದುರುವಷ್ಟು ಒತ್ತಿ ಹಚ್ಚಿ ಎದ್ದೆ.

ಎರಡನೆಯ ಮನೆಯಲ್ಲೂ ಅದೇ ಮಾತು. ಮುಂದಿನದು ಮರಾಠಿ ಮಾತಾಡುವವರ ಮನೆ. ಆ ಮನೆಯಾಕೆ ನನ್ನನ್ನು 'ವಹಿನಿ', ಅಂದರೆ ಅತ್ತಿಗೆ, ಎಂದು ಕರೆದು ಒಳಗೆ ಕೂರಿಸಿಕೊಂಡಳು. ಅಲ್ಲಿ ಇವರು ಅದನ್ನೇ ಮರಾಠಿಯಲ್ಲಿ ಹೇಳಿ ಹೋಗಿದ್ದರು. ನನ್ನ ಕೈರುಚಿಯ ಅವಮಾನ ಎರಡು ಭಾಷೆಗಳಲ್ಲಿ ನಡೆದಿತ್ತು! ಬಾವಿಯ ಹತ್ತಿರ ಇಬ್ಬರು ಹೆಂಗಸರು ಇದೇ ವಿಷಯಕ್ಕೆ ಜಗಳಕ್ಕೆ ಬಿದ್ದಿದ್ದರು.

"ನನಗಂದಾರ!"

"ನಿನಗೇನು ಅಂತಾರ? ನಿನ್ನ ಎಣಗಾಯಿ ಎಮ್ಮಿನೂ ಮೂಸಂಗಿಲ್ಲ!"

ಅವರಲ್ಲಿ ಒಬ್ಬಳು ಒತ್ತಾಯ ಮಾಡಿ ಮನೆಗೆ ಕರೆದೊಯ್ದು ಅಕ್ಕಿ ರೊಟ್ಟಿಯ ಜೊತೆ ತನ್ನ ಎಣ್ಣೆಗಾಯಿ ಬಡಿಸಿದಳು. ಆಣೆ ಮಾಡಿ ಹೇಳುತ್ತೇನೆ, ಅದರಲ್ಲಿ ಬೆಲ್ಲ ಬಿಟ್ಟರೆ ಏನೂ ಇರಲಿಲ್ಲ, ಬದನೆಕಾಯಿಯ ತೊಟ್ಟು ಸರಿಯಾಗಿ ಬೆಂದೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಒಪ್ಪಿದೆ. ಹಾಗೆಂದು ಹಿತ್ತಲ ಗಿಡವನ್ನು ಊರೂರಿಗೆ ಹೋಗಿ ಬಯ್ಯಬೇಕೆ? ಹೊಗಳಲು ಬಾರದ ಮನುಷ್ಯ ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಈಗ ನೋಡಿದರೆ ಚೆನ್ನಾಗಿಯೇ ಬರುತ್ತಿತ್ತು. ಕಂಡವರ ಹೆಂಡಂದಿರಿಗೆಲ್ಲ ಧಾರಾಳವಾಗಿ ಹಂಚುತ್ತಿದ್ದರು.

ಸಂಜೆ ಬೆಳಗಾವಿಗೆ ಮರಳುವಾಗ, ಜೀಪಿನಲ್ಲಿ ಡ್ರೈವರ್ ಇದ್ದಾನೆಂಬುದನ್ನೂ ಮರೆತು ಇವರನ್ನು ಕೇಳಿಯೇಬಿಟ್ಟೆ.

"ನನ್ನ ಎಣಗಾಯಿ ಅಷ್ಟು ಕೆಟ್ಟಿರತೈತೇನ್ರಿ?"

ಅವರು ಗಟ್ಟಿಯಾಗಿ ನಕ್ಕರು. "ಹುಚ್ಚಿ, ಅದು ಓಟಿನ ಮಾತು. ಮನಿ ಮಾತು ಬ್ಯಾರೆ."

"ಆ ಮನಿ ಮಾತು ಯಾವಾಗ ಆಡ್ತೀರಿ ಮತ್ತ?"

"ಆರಿಸಿ ಬರ್ಲಿ ತಡಿ. ನಿನ್ನ ಮುಂದ ಕುಂತು ಹೊಟ್ಟಿ ತುಂಬ ಉಣ್ತೀನಿ. ಅವತ್ತ ಹೇಳ್ತೀನಿ."

ಆ ಒಂದು ಮಾತಿಗಾಗಿ ನಾನು ಅವರಿಗಿಂತ ಹೆಚ್ಚು ದುಡಿದೆ. ನಂದಗಡದ ಓಣಿಗಳನ್ನೆಲ್ಲ ತುಳಿದೆ. ನನ್ನ ಗಂಡನ ಹೊಗಳಿಕೆ ತಿಂದು ಕೊಬ್ಬಿದ ಹೆಂಗಸರಿಗೇ ಕೈಮುಗಿದು ಓಟು ಕೇಳಿದೆ. ಇವರು ಗೆದ್ದರು. ಖಾನಾಪುರದ ಪೇಟೆಯಲ್ಲಿ ಗುಲಾಲು ಹಾರಿತು, ಕೊರಳು ಕಾಣದಷ್ಟು ಹಾರ ಬಿದ್ದವು.

ಗದ್ದಲ ಇಳಿದ ಮೇಲೆ ಒಂದು ಮಧ್ಯಾಹ್ನ ಪಡಸಾಲೆಯಲ್ಲಿದ್ದವರನ್ನೆಲ್ಲ "ಸಾವ್ಕಾರ್ರು ಊಟ ಮಾಡಲಿ, ಆಮ್ಯಾಲ ಬರ್ರಿ" ಎಂದು ನಾನೇ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಬೆಳಿಗ್ಗೆಯೇ ಎಣ್ಣೆಗಾಯಿ ಮಾಡಿಟ್ಟಿದ್ದೆ. ಒಳ್ಳೆಯ ಇಳಕಲ್ ಸೀರೆ ಉಟ್ಟು, ಅಡುಗೆಮನೆಯಲ್ಲಿ ಮಣೆ ಹಾಕಿ, ಬಿಸಿ ರೊಟ್ಟಿ ಬಡಿಯುತ್ತ ಕೂತೆ. ಅವರು ಬಂದು ಉಣ್ಣತೊಡಗಿದರು. ಮನಸ್ಸೆಲ್ಲ ಹೊರಗಿತ್ತು. ಯಾವ ಊರಿಗೆ ಬೋರ್‌ವೆಲ್, ಯಾವ ಊರಿಗೆ ರಸ್ತೆ ಎಂದು ತುಟಿ ಅಲುಗಾಡುತ್ತಿತ್ತು. ಅವರಾಗಿಯೇ ಹೇಳಲಿ ಎಂದು ಕಾದೆ.

ಹೊರಗೆ ಜೀಪಿನ ಹಾರ್ನ್ ಆಯಿತು. ಅವರು ಕೊನೆಯ ತುತ್ತು ನುಂಗಿ, ತಾಟಿನಿಂದ ಮುಖ ಎತ್ತದೆ, ಎಂಜಲು ಕೈಗೇ ಎಡಗೈ ಜೋಡಿಸಿ ನಮಸ್ಕಾರ ಮಾಡಿದರು.

"ಅಕ್ಕಾರ, ಭಾಳ ಚಲೋ ಆಗೇತ್ರಿ. ನಮ್ಮ ಮನ್ಯಾಗ ಇಂಥಾ ರುಚಿ ಇಲ್ಲ ನೋಡ್ರಿ."

ಚೇಷ್ಟೆಗೆ ಅಂದರೇನೋ ಎಂದು ಮುಖ ನೋಡಿದೆ. ನಗು ಇರಲಿಲ್ಲ. ತಾವು ಏನಂದೆವು, ಯಾರಿಗಂದೆವು ಎಂಬುದೇ ಅವರಿಗೆ ತಿಳಿದಿರಲಿಲ್ಲ. ಕೈ ತೊಳೆದು, ಟಾವೆಲ್ಲಿಗೆ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದರು.

ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ನಾನು ಏಳಲಿಲ್ಲ. ಅಲ್ಲಿಯವರೆಗೆ ಬಾರ್ಜಿನ ಮೇಲೆ, ನಂದಗಡದ ಹೆಂಗಸರ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಆಗಿತ್ತೋ, ಅದಕ್ಕಿಂತ ಹೆಚ್ಚಿನದು ಆ ಹೊತ್ತು ಇವರು ಕೈಮುಗಿದ ಆ ಅಕ್ಕನ ಮೇಲೆ ಆಯಿತು. ಅವಳು ನನ್ನ ಒಲೆಯ ಮುಂದೆಯೇ, ನನ್ನ ಇಳಕಲ್ ಸೀರೆಯನ್ನೇ ಉಟ್ಟುಕೊಂಡು ಕೂತಿದ್ದಳು.