ನಿಂಬೆಹಣ್ಣು ಇಟ್ಟ ಕಾರಿನ ಎಂಜಿನ್

ಸ್ನೇಹಿತರೇ, ಕಳೆದ ತಿಂಗಳು ನಮ್ಮ ಬ್ರಿಸ್ಬೇನ್ ಕನ್ನಡ ಗುಂಪಿನ ಅಂಕಲ್ ಒಬ್ಬರು ತಮ್ಮ ಹಳೆಯ ಕಾರನ್ನು ರನ್‌ಕಾರ್ನ್ ಬಡಾವಣೆಯ ನರ್ಸಿಂಗ್ ವಿದ್ಯಾರ್ಥಿನಿ ನಜ್ಮಾಗೆ ಮಾರಿದರು. ಮೆಕ್ಯಾನಿಕ್‌ಗೆ ತೋರಿಸುತ್ತೇನೆ ಎಂದವಳಿಗೆ, "ನಮ್ಮೋರನ್ನೇ ಅನುಮಾನಿಸ್ತೀಯೇನಮ್ಮ?" ಎಂದಿದ್ದರು. ಹುಡುಗಿ ಸಂಕೋಚಪಟ್ಟು ಯಾರಿಗೂ ತೋರಿಸದೆಯೇ ಕಾರು ಕೊಂಡಳು. ಇಂದು ಬೆಳಿಗ್ಗೆ ಎಂಜಿನ್ ಬಿಗಿದುಕೊಂಡು, ಸೀಜ್ ಆಗಿ, ಕಾರು ರಸ್ತೆಯಲ್ಲೇ ನಿಂತಿತು.

ಗ್ಯಾರೇಜಿಗೆ ನಾನೂ ಹೋಗಿದ್ದೆ. ಒಳಗಿನ ಆಯಿಲ್ ಹಲ್ವಾದಂತೆ ಗಟ್ಟಿಯಾಗಿತ್ತು. ಬೇರೆ ಎಂಜಿನ್ ಹಾಕಬಹುದು, ಆದರೆ ಗೇರ್‌ಬಾಕ್ಸನ್ನೂ ಹೀಗೇ ಆಯಿಲ್ ಬದಲಿಸದೆ ಇಟ್ಟಿದ್ದರೆ ಆ ಖರ್ಚೂ ದಂಡ ಎಂದ ಮೆಕ್ಯಾನಿಕ್. ನಸುಕಿನ ಪಾಳಿಗೆ ಬಸ್ಸಿಲ್ಲ. ಕಾರಿಲ್ಲದಿದ್ದರೆ ನಜ್ಮಾಗೆ ವೃದ್ಧಾಶ್ರಮದ ಕೆಲಸವೂ ಇಲ್ಲ.

ಅಲ್ಲಿಂದಲೇ ಸ್ಪೀಕರ್ ಹಾಕಿ ಅಂಕಲ್‌ಗೆ ಫೋನ್ ಮಾಡಿದಳು.

"ಗೇರ್‌ಬಾಕ್ಸ್ ಸರ್ವಿಸ್ ಆಗಿದ್ಯಾ ಅಂಕಲ್?"

"ಧೈರ್ಯವಾಗಿ ಎಂಜಿನ್ ಹಾಕ್ಸಮ್ಮ. ಪ್ರತಿ ಆಯುಧಪೂಜೆಗೂ ತೊಳೆದು ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದೀನಿ."

"ಸರ್ವಿಸ್ ಅಂಕಲ್?"

"ಅದನ್ನೇ ಹೇಳ್ತಿರೋದು!"

ನನಗೆ ಮರೆವಿನ ವರ ಸಿಕ್ಕಿಲ್ಲ. ಫಾರೆಸ್ಟ್ ಲೇಕ್‌ನ ಯುಗಾದಿ ಕೂಟದಲ್ಲಿ, "ಆಯಿಲ್ ಬದಲಾಯಿಸೋದೆಲ್ಲ ಮೆಕ್ಯಾನಿಕ್‌ಗಳ ಮೋಸ. ಐದು ವರ್ಷದಿಂದ ನಾನು ಬಾನೆಟ್ಟೇ ಎತ್ತಿಲ್ಲ" ಎಂದು ಒಬ್ಬಟ್ಟು ಮೆಲ್ಲುತ್ತಾ ಕೊಚ್ಚಿಕೊಂಡವರು ಇವರೇ. ನಾವೆಲ್ಲ ನಕ್ಕಿದ್ದೆವು. ನಾನೂ ನಕ್ಕಿದ್ದೆ.

ಅಂಕಲ್, ಎಂಜಿನ್ ಹಾಕಿಸಬೇಕೋ ಕಾರನ್ನು ಗುಜರಿಗೆ ಕೊಡಬೇಕೋ ಎಂದು ನಜ್ಮಾ ನಾಳೆಯೊಳಗೆ ತೀರ್ಮಾನಿಸಬೇಕು. ಆ ಗೇರ್‌ಬಾಕ್ಸಿಗೆ ಯಾವಾಗ, ಏನು ಮಾಡಿಸಿದ್ದೀರಿ? ಈ ಪೋಸ್ಟಿನ ಕೆಳಗೆ, ಎಲ್ಲರೆದುರು ಬರೆಯಿರಿ. ನಿಂಬೆಹಣ್ಣಿನ ಸುದ್ದಿ ಬೇಡ.