ದಿಯೊಲಿಂಡಾಳ ತಿಳಿನೀರು

ನಲವತ್ತೊಂದು ವರ್ಷ ಬಾಯ್ಲರ್ ಕಾದವನು ನಾನು. ಫಾಲ್ ರಿವರಿನ ಹತ್ತಿ ಗಿರಣಿಗೆ ಕಲ್ಲಿದ್ದಲು ಎಳೆಯುವವನಾಗಿ ಸೇರಿ, ಬಾಯ್ಲರ್ ಮನೆಯ ಯಜಮಾನನಾಗಿ ಹೊರಗೆ ಬಂದೆ. ಈ ಬೀದಿಯಲ್ಲಿ ಯಾರ ಮನೆ ನೆಲಮಾಳಿಗೆಯಲ್ಲಿ, ಕೋಣೆಗಳಿಗೆ ಹಬೆ ಕಳಿಸಿ ಬೆಚ್ಚಗಿಡುವ ಬಾಯ್ಲರ್ ಗೊರಗೊರ ಅಂದರೂ ಮೊದಲು ತಟ್ಟುವುದು ನನ್ನ ಬಾಗಿಲನ್ನೇ. "ಮೇಸ್ತ್ರಿ ಎವರಿಸ್ಟೊ, ಸ್ವಲ್ಪ ಬಂದು ನೋಡಿ" ಅನ್ನುತ್ತಾರೆ, ಹೋಗುತ್ತೇನೆ. ಒಂದು ಲೋಟ ವೈನ್ ಕೊಟ್ಟರೆ ಕುಡಿಯುತ್ತೇನೆ, ಕೊಡದಿದ್ದರೆ ಬೈದುಕೊಂಡು ಬರುತ್ತೇನೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಪಕ್ಕದ ಮನೆ ದಿಯೊಲಿಂಡಾ ಫುರ್ತಾದೊಗೆ ಆದದ್ದು ನನಗೆ ಗೊತ್ತಿಲ್ಲದೆ ಆದದ್ದಲ್ಲ.

ಹತ್ತೊಂಬತ್ತನೇ ವಯಸ್ಸಿಗೆ, ನನ್ನ ಹಾಗೇ, ಸಾವೊ ಮಿಗೆಲ್ ದ್ವೀಪದಿಂದ ಕಡಲು ದಾಟಿ ಈ ಊರಿಗೆ ಬಂದವಳು. ಮದುವೆಯಾಗಲಿಲ್ಲ. ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಬಗ್ಗಿ ಕೂತು ಕೂತು ಕತ್ತು ಒಂದು ಕಡೆ ವಾಲಿಬಿಟ್ಟಿತ್ತು. ಅಷ್ಟು ವರ್ಷವೂ ಬೇರೆಯವರ ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದು, ಎಂಬತ್ತಾರರ ಅಕ್ಟೋಬರಿನಲ್ಲಿ ಸ್ವಂತ ಮನೆ ಕೊಂಡಳು. ಆಮೇಲೆ ಶುರುವಾಯಿತು ನೋಡಿ ಉಜ್ಜಾಟ. ನಮ್ಮ ದ್ವೀಪದ ಹೆಂಗಸರು ಮೆಟ್ಟಿಲು ತೊಳೆಯುತ್ತಾರೆ, ಸರಿ. ಇವಳು ಮೊಣಕಾಲೂರಿ ನೆಲಮಾಳಿಗೆಯ ಸಿಮೆಂಟನ್ನೂ ಉಜ್ಜುತ್ತಿದ್ದಳು. ಹಿಂದೆ ಕಲ್ಲಿದ್ದಲು ತುಂಬುತ್ತಿದ್ದ ಮೂಲೆಗೆ ಸುಣ್ಣ ಹೊಡೆದು ಮರಿಯಮ್ಮನ ಪಟ ತೂಗುಹಾಕಿದಳು.

ಅವಳು ಬಂದ ಎರಡನೇ ದಿನವೇ ನಾನು ಹೋದೆ. ಯಾರೂ ಕರೆದಿರಲಿಲ್ಲ. ಮನೆಯ ಬಾಯ್ಲರ್ ನನಗಿಂತ ಹತ್ತು ವರ್ಷವಷ್ಟೇ ಚಿಕ್ಕದು, ಪಾಪ ಹೆಂಗಸು, ಹೇಳಿಕೊಟ್ಟು ಬರೋಣ ಅಂತ. ಕೈತೋಟದಿಂದ ಎದ್ದು ಹಾಗೇ ಹೋಗಿದ್ದೆ, ಬೂಟಿನ ತುಂಬ ಮಣ್ಣು. ನಮ್ಮ ದ್ವೀಪದವರ ಇಸ್ಪೀಟು ಕ್ಲಬ್ಬಿನ ಮೂವರು ಗೆಳೆಯರು ಬೇಲಿ ಆಚೆ ಸಿಗರೇಟು ಸೇದುತ್ತಾ ನಿಂತಿದ್ದರು. ನಾಲ್ಕು ಮೆಟ್ಟಿಲು ಇಳಿದಿದ್ದೆನೋ ಇಲ್ಲವೋ, ಕೆಳಗಿನಿಂದ ಕೂಗಿದಳು.

"ನಿಲ್ಲಿ ಅಲ್ಲೇ! ಈಗ ತಾನೇ ಉಜ್ಜಿದ್ದೀನಿ, ಕಣ್ಣು ಕಾಣ್ಸಲ್ವಾ? ಬೂಟು ಬಿಚ್ಚಿ!"

"ಬಾಯ್ಲರ್ ಹೇಗೆ ನೋಡ್ಕೋಬೇಕು ಅಂತ ಹೇಳೋಣ ಅಂತ ಬಂದೆ ಕಣಮ್ಮಾ."

"ನಲವತ್ತು ವರ್ಷ ಮಸಿಯಲ್ಲಿ ಹೊರಳಾಡಿದೋರು ನನಗೆ ಹೇಳ್ಕೊಡೋದಾ? ಮೊದಲು ನಿಮ್ಮ ಕಾಲರ್ ನೋಡ್ಕೊಳ್ಳಿ ಸ್ವಾಮಿ. ಹೆಂಡತಿಗೆ ಸೋಪು ತಂದ್ಕೊಡಲ್ವಾ ನೀವು?"

ಬೇಲಿ ಆಚೆಯ ಮೂವರೂ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಕ್ಲಬ್ಬಿನಲ್ಲಿ ನನ್ನ ಹೆಸರೇ ಕಾಲರ್. ಇಸ್ಪೀಟು ಹಂಚುವಾಗ ಕಾಲರ್, ವೈನ್ ಸುರಿಯುವಾಗ ಕಾಲರ್. ಪವಿತ್ರಾತ್ಮದ ಹಬ್ಬದಲ್ಲಿ ಎಲ್ಲರಿಗೂ ಮಾಂಸದ ಸಾರು ಬಡಿಸುತ್ತಿದ್ದಾಗ ಪಾದ್ರಿಗಳ ಎದುರಿಗೇ "ಕಾಲರಿಗೆ ಇನ್ನೊಂದು ಸೌಟು" ಅಂದ ಒಬ್ಬ ಬಡ್ಡಿಮಗ. ಇವಳಾಗಿ ಬಂದು ಕೇಳುವ ತನಕ ಬಾಯಿ ಬಿಡಲಾರೆ ಅಂತ ಆ ನೆಲಮಾಳಿಗೆಯ ಮೆಟ್ಟಿಲ ಮೇಲೇ ತೀರ್ಮಾನ ಮಾಡಿದ್ದೆ.

ಮನೆ ಮಾರಿದವನು ಫ್ಲಾರಿಡಾಕ್ಕೆ ಹೊರಡುವ ಅವಸರದಲ್ಲಿ ಅವಳಿಗೆ ಒಂದೇ ಮಾತು ಹೇಳಿ ಹೋಗಿದ್ದ. ವಾರಕ್ಕೊಮ್ಮೆ ಬಾಯ್ಲರಿನ ಕೆಳಗಿನ ನಲ್ಲಿ ತಿರುಗಿಸಿ ಕೊಳೆನೀರು ತೆಗೀಬೇಕು ಅಂತ. ಅವನು ಹೇಳಿದ್ದು ಒಂದು ಬಕೆಟ್ಟಿನ ಮಾತು. ಇವಳು ಹಿಡಿದುಕೊಂಡದ್ದು ಕೊಳೆಯನ್ನು. ಪ್ರತಿ ಶನಿವಾರ ಬೆಳಿಗ್ಗೆ ತಲೆಗೆ ಬಟ್ಟೆ ಕಟ್ಟಿ, ಬಕೆಟ್ ಮೇಲೆ ಬಕೆಟ್ ಹೊತ್ತು ಹಿತ್ತಲಿನ ಚರಂಡಿಗೆ ಸುರಿಯುವಳು. ಮೊದಮೊದಲು ಕಾಫಿ ಬಣ್ಣ, ಆಮೇಲೆ ಟೀ ಬಣ್ಣ, ಆಮೇಲೆ ಇನ್ನೂ ತೆಳು. ಬಕೆಟ್ಟಿನ ತಳ ಕಾಣುವ ತನಕ ಬಿಡಳು. ಅಷ್ಟು ಹೊತ್ತಿಗೆ ಬಾಯ್ಲರಿನಲ್ಲಿ ಹಳೇ ನೀರು ಒಂದು ತೊಟ್ಟೂ ಉಳಿದಿರುತ್ತಿರಲಿಲ್ಲ. ಪೂರ್ತಿ ಹೊಸ ನೀರು ತುಂಬಿ, ಒಂದು ಗಾಜಿನ ಲೋಟದಲ್ಲಿ ಹಿಡಿದುಕೊಂಡು ಬಂದು ಬೇಲಿ ಹತ್ತಿರ ನನ್ನ ಹೆಂಡತಿಗೆ ತೋರಿಸುತ್ತಿದ್ದಳು.

"ನೋಡಿ ಬಲ್ಬಿನಾ, ಕುಡೀಬಹುದು!"

"ಅಬ್ಬಾ, ಚರ್ಚಿನ ತೀರ್ಥದ ಹಾಗಿದೆ ಕಣೇ" ಅನ್ನುತ್ತಿದ್ದಳು ನನ್ನ ಹೆಂಡತಿ.

ಬಾಯ್ಲರಿಗೆ ಹಳೇ ನೀರೇ ಬೇಕು. ಕುದ್ದು ಕುದ್ದು ಗಾಳಿ ಬಿಟ್ಟ ನೀರು ಕಬ್ಬಿಣದ ತಂಟೆಗೆ ಹೋಗುವುದಿಲ್ಲ. ಹೊಸ ನೀರು ಗಾಳಿ ಹೊತ್ತು ತರುತ್ತದೆ, ತುಕ್ಕು ಹಿಡಿಸುತ್ತದೆ, ಒಳಗಿಂದ ತಿನ್ನುತ್ತದೆ. ವಾರಕ್ಕೆ ಒಂದೇ ಬಕೆಟ್ ತೆಗೆದು, ತೆಗೆದಷ್ಟೇ ತುಂಬಿದರೆ ಅದು ಇನ್ನೂ ಇಪ್ಪತ್ತು ವರ್ಷ ಉರಿಯುತ್ತಿತ್ತು. ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ಈಗ ನಿಮಗೆ ಹೇಳಿದಷ್ಟೇ ಹೊತ್ತು. ನಾನು ಅಡಿಗೆಮನೆ ಕಿಟಕಿಯಲ್ಲಿ ಕೂತು, ಕಾರ್ನ್‌ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡು, ಅವಳು ಬಾಯ್ಲರನ್ನು ಕೊಲ್ಲುವುದನ್ನು ಚಳಿಗಾಲ ಪೂರ್ತಿ ನೋಡಿದೆ. ಬೇಸಿಗೆಯಲ್ಲಿ ಬಾಯ್ಲರ್ ಆರಿಸಿದ ಮೇಲೂ ನಿಲ್ಲಿಸಲಿಲ್ಲ ಮಹಾತಾಯಿ. ಕುದಿಸದೆ ಬಿಟ್ಟ ಹೊಸ ನೀರು ಇನ್ನೂ ಕೆಟ್ಟದ್ದು. ನನಗೆ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಬಲ್ಬಿನಾ ಒಮ್ಮೆ ಕೇಳಿದಳು. "ಅಲ್ಲಾ ರೀ, ನೀವು ಗಿರಣಿಯಲ್ಲಿ ಹೀಗೆಲ್ಲ ನೀರು ಚೆಲ್ತಿದ್ದದ್ದು ಕೇಳಿಲ್ಲವಲ್ಲ. ಇವಳು ಮಾಡ್ತಿರೋದು ಸರೀನಾ?"

"ಅವಳ ಮನೆ, ಅವಳ ನೀರು. ಬಂದು ಕೇಳಲಿ, ಹೇಳ್ತೀನಿ."

"ನಿಮ್ಮ ಮುಖ ನೋಡಿದ್ರೆ ಸರಿಯಿಲ್ಲ ಅನ್ನಿಸುತ್ತೆ" ಅಂದಳು. ನಾನು ಬ್ರೆಡ್ ತಿಂದೆ.

ಎಂಬತ್ತೇಳರ ಜೂನಿನಲ್ಲಿ ದಿಯೊಲಿಂಡಾಳ ತಂಗಿ ಜುಲ್ಮಿರಾ ತೀರಿಕೊಂಡಳು. ಗಂಡ ಯಾವತ್ತೋ ಬಿಟ್ಟುಹೋಗಿದ್ದ. ಒಂಬತ್ತು ವರ್ಷದ ಮಗಳು ಲಿಡಿಯಾಳನ್ನು ಮಕ್ಕಳ ಇಲಾಖೆಯವರು ದೂರದ ಊರಿನ ಒಂದು ಕುಟುಂಬದಲ್ಲಿ ಬಿಟ್ಟರು. ಆ ಜನ ಒಳ್ಳೆಯವರೇ. ಮಗುವನ್ನು ನಾವೇ ಇಟ್ಟುಕೊಳ್ಳುತ್ತೇವೆ ಅಂತ ಅವರೂ ಅರ್ಜಿ ಹಾಕಿದರು. ದಿಯೊಲಿಂಡಾಳೂ ಹಾಕಿದಳು. ಕೋರ್ಟಿನ ದಿನ ಜನವರಿಯ ಒಂದು ಸೋಮವಾರ ಅಂತ ಗೊತ್ತಾಯಿತು. ಅದರ ಹಿಂದಿನ ಶನಿವಾರ ಹತ್ತು ಗಂಟೆಗೆ ಇಲಾಖೆಯ ಹೆಂಗಸು ಮಗುವನ್ನೂ ಕರೆತಂದು ಮನೆ ನೋಡುತ್ತಾಳೆ. ಮಗುವಿಗೆ ಬೇರೆ ಕೋಣೆ ಇರಬೇಕು, ಮನೆ ಬೆಚ್ಚಗಿರಬೇಕು. ಅಷ್ಟೇ ಅವರ ಷರತ್ತು.

ಕೋಣೆಗೆ ಹಳದಿ ಬಣ್ಣ ಹೊಡೆದಳು. ಹಾಸಿಗೆಗೆ ತಾನೇ ಹೆಣೆದ ಬಿಳಿ ಹೊದಿಕೆ. ಕಾರ್ಖಾನೆಯಲ್ಲಿ ಬೇರೆಯವರ ಕಿಟಕಿಗಳಿಗೆಲ್ಲ ಪರದೆ ಹೊಲಿದವಳು, ಮೊದಲ ಬಾರಿ ತನ್ನ ಮನೆಯ ಹುಡುಗಿಗೆ ಹೊಲಿದಳು. ಎದುರಿಗೆ ಸಿಕ್ಕಿದವರಿಗೆಲ್ಲ ಹೇಳಿದ್ದೇ ಹೇಳಿದ್ದು. "ನನ್ನ ಲಿಡಿಯಾ ಬರ್ತಾಳೆ."

ಇಲಾಖೆಯವರು ಬರುವ ವಾರದ ಬುಧವಾರ ಬೆಳಿಗ್ಗೆ ಅವಳ ಚಿಮಣಿಯಿಂದ ದಪ್ಪನೆ ಬಿಳಿ ಹಬೆ ಏಳುತ್ತಿರುವುದನ್ನು ಕಂಡೆ. ಎಣ್ಣೆ ಉರಿಯುವ ಬಾಯ್ಲರಿಗೆ ಅಷ್ಟು ಬಿಳಿ ಹೊಗೆ ಇರುವುದಿಲ್ಲ. ಒಳಗೆ ನೀರಿನ ಮಟ್ಟದ ಮೇಲೆ ಕಬ್ಬಿಣ ತೂತಾಗಿದೆ, ಕೋಣೆಗಳಿಗೆ ಹೋಗಬೇಕಾದ ಹಬೆ ಆಕಾಶಕ್ಕೆ ಹೋಗುತ್ತಿದೆ. ನೋಡಿದ ತಕ್ಷಣ ಗೊತ್ತಾಯಿತು. ಮೂರು ದಿನ ಇತ್ತು. ಗಿರಣಿಯ ಹಳೇ ಗೆಳೆಯರಿಬ್ಬರಿಗೆ ಫೋನು ಮಾಡಿದ್ದರೆ ಶುಕ್ರವಾರ ಸಂಜೆಯೊಳಗೆ ಬೇರೆ ಬಾಯ್ಲರ್ ಕೂರಿಸಿಬಿಡುತ್ತಿದ್ದೆವು.

ಗುರುವಾರ ಹೇಳಿಬಿಡೋಣ ಅಂತಲೇ ಹೊರಟೆ, ದೇವರಾಣೆ. ಸಲಿಕೆ ಹಿಡಿದು ಹಿಮ ಎತ್ತುತ್ತಾ ಬೇಲಿ ತನಕ ಹೋದೆ. ಅವಳು ಮೆಟ್ಟಿಲ ಮೇಲೆ ಪೊರಕೆ ಹಿಡಿದು ನಿಂತಿದ್ದಳು.

"ನಿಮ್ಮ ಹಿಮ ಎಲ್ಲಾ ನನ್ನ ಮೆಟ್ಟಿಲ ಮೇಲೆ ಬೀಳ್ತಿದೆ. ಶನಿವಾರ ಜನ ಬರ್ತಾರೆ. ಸ್ವಲ್ಪ ನೋಡ್ಕೊಂಡು ಎತ್ತಿ, ಆಯ್ತಾ?"

"ಆಯ್ತಮ್ಮಾ" ಅಂದೆ. ತಿರುಗಿ ಬಂದೆ. ಎಷ್ಟು ಸಣ್ಣ ಮನುಷ್ಯ ನೋಡಿ ನಾನು!

ಶನಿವಾರ ಒಂಬತ್ತು ಗಂಟೆಗೆ ಬಾಗಿಲು ದಬದಬ ಬಡಿದ ಸದ್ದು. ತಲೆಗೆ ಬಟ್ಟೆಯೂ ಇಲ್ಲ, ಚಪ್ಪಲಿಯಲ್ಲೇ ಹಿಮ ತುಳಿದು ಬಂದಿದ್ದಳು.

"ಮೇಸ್ತ್ರಿ, ಬನ್ನಿ! ಬಾಯ್ಲರ್ ಆರಿಹೋಗಿದೆ. ಬೆಳಗಿನಿಂದ ನೀರು ತುಂಬ್ತಾನೇ ಇದ್ದೀನಿ, ನಿಲ್ಲುತ್ತಿಲ್ಲ. ನಿಮ್ಮ ದಮ್ಮಯ್ಯ ಅಂತೀನಿ, ಬನ್ನಿ!"

ಕೊನೆಗೂ ಕೇಳಿದಳು. ಹದಿನೈದು ತಿಂಗಳು ಕಾದಿದ್ದ ಮಾತು. ಹೋದೆ. ನೆಲಮಾಳಿಗೆಯ ಬಾಗಿಲಲ್ಲಿ ಕೂತು ಬೂಟಿನ ಲೇಸು ಬಿಚ್ಚಲು ಶುರುಮಾಡಿದೆ. ನಿಧಾನವಾಗಿ, ಒಂದೊಂದೇ ತೂತಿನಿಂದ.

"ಅಯ್ಯೋ, ಹಾಗೇ ಬನ್ನಿ ಮೇಸ್ತ್ರಿ!"

"ಉಜ್ಜಿದ ನೆಲ ಅಲ್ವೇನಮ್ಮಾ" ಅಂದೆ.

ಅವಳ ಮುಖ ನೋಡಿದೆ. ಅವಳಿಗೆ ಆ ಹಳೇ ಮಾತು ನೆನಪೇ ಇರಲಿಲ್ಲ. ಒಂದಿಷ್ಟೂ ಇರಲಿಲ್ಲ.

ಕೆಳಗಿಳಿದು ಮುಚ್ಚಳ ತೆಗೆದು ದೀಪ ಹಿಡಿದೆ. ಕಬ್ಬಿಣ ಬಿಸ್ಕತ್ತಿನ ಹಾಗೆ ಕೈಗೆ ಉದುರಿತು. ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ಉಳಿದ ಸ್ವಲ್ಪ ನೀರು ತಿಳಿಯಾಗಿತ್ತು. "ಇವತ್ತು ಆಗಲ್ಲ" ಅಂದೆ.

ಅವಳು ಮೇಲಕ್ಕೋಡಿ ಗ್ಯಾಸ್ ಒಲೆ ಹೊತ್ತಿಸಿ, ಓವನ್ನಿನ ಬಾಗಿಲು ತೆರೆದಿಟ್ಟಳು. ಬಾಡಿಗೆ ಮನೆಯಲ್ಲಿದ್ದಾಗ ನಾವೆಲ್ಲ ಹಾಗೇ ಚಳಿ ಕಾಯಿಸಿಕೊಂಡವರು. ಹತ್ತಕ್ಕೆ ಸರಿಯಾಗಿ ಕಾರು ಬಂತು. ಇಲಾಖೆಯ ಹೆಂಗಸು ಕೋಟು ಬಿಚ್ಚಲಿಲ್ಲ. ಒಲೆಯತ್ತ ನೋಡಿ ಮೆತ್ತಗೆ ಕೇಳಿದಳು.

"ಮಗು ಓಡಾಡೋ ಮನೆಯಲ್ಲಿ ಹೀಗೆ ಬಿಸಿ ಮಾಡ್ತೀರಾ?"

"ಇವತ್ತೊಂದೇ ದಿನ ಅಮ್ಮಾ. ನಿನ್ನೆ ತನಕ ಬೆಚ್ಚಗಿತ್ತು. ಇವರನ್ನು ಕೇಳಿ, ನಮ್ಮ ಮೇಸ್ತ್ರಿ, ಇವರಿಗೆಲ್ಲ ಗೊತ್ತು" ಅಂದಳು ದಿಯೊಲಿಂಡಾ, ನನ್ನ ತೋಳು ಹಿಡಿದು.

"ಹಳೇ ಬಾಯ್ಲರ್ ಮೇಡಂ. ಹಳೇದು ಹಾಗೇ, ಒಂದಿನ ಸಾಯುತ್ತೆ" ಅಂದೆ ನಾನು.

ಲಿಡಿಯಾ ಕೈಗವಸು ಬಿಚ್ಚದೆ ಹಳದಿ ಕೋಣೆಗೆ ಹೋದಳು. ಬಿಳಿ ಹೊದಿಕೆ ಮುಟ್ಟಿದಳು. ಕಿಟಕಿ ಕೆಳಗಿನ ಕಬ್ಬಿಣದ ಹೀಟರಿನ ಮೇಲೆ ಕೈಯಿಟ್ಟು, "ದೊಡ್ಡಮ್ಮಾ, ಇದು ತಣ್ಣಗಿದೆ" ಅಂದಳು. ಮಾತಾಡಿದರೆ ಬಾಯಿಂದ ಆವಿ ಬರುತ್ತಿತ್ತು. ಹೆಂಗಸು ಏನೋ ಬರೆದುಕೊಂಡಳು.

ಸೋಮವಾರ ಕೋರ್ಟು ಮಗುವನ್ನು ಆ ಕುಟುಂಬಕ್ಕೇ ಕೊಟ್ಟಿತು. ಬೆಚ್ಚಗಿನ ಮನೆ, ಏಳು ತಿಂಗಳಿನ ಅಭ್ಯಾಸ, ಇನ್ನೇನು ಬೇಕು ಅವರಿಗೆ? ದಿಯೊಲಿಂಡಾ ಮಂಗಳವಾರ ಕೆಲಸಕ್ಕೆ ಹೋದಳು. ಮೆಟ್ಟಿಲು ತೊಳೆಯುವುದನ್ನು ಒಂದು ತಿಂಗಳು ಬಿಟ್ಟಿದ್ದಳು, ಬೀದಿಯವರೆಲ್ಲ ಅದನ್ನೇ ಆಡಿಕೊಂಡರು.

ಮಾರ್ಚಿನಲ್ಲಿ ಹೊಸ ಬಾಯ್ಲರ್ ಬಂತು. ಬಂದ ಮೂರನೇ ದಿನ ನಮ್ಮ ಬಾಗಿಲಿಗೆ ಬಂದಳು, ಕೈಯಲ್ಲಿ ಬಟ್ಟೆ ಸುತ್ತಿದ ಸಿಹಿ ಬ್ರೆಡ್ಡು. ಹೊಸ್ತಿಲಲ್ಲಿ ತಾನೇ ಚಪ್ಪಲಿ ಬಿಚ್ಚಿದಳು.

"ಅವತ್ತು ಕರೆದ ತಕ್ಷಣ ಬಂದ್ರಿ ಮೇಸ್ತ್ರಿ, ಒಂದು ಲೋಟ ವೈನ್ ಕೂಡ ಕೊಡಲಿಲ್ಲ ನಾನು. ಒಂದು ಮಾತು ಕೇಳ್ತೀನಿ, ಮುಚ್ಚಿಡಬೇಡಿ. ತಪ್ಪು ನನ್ನದೇ ಅಲ್ವಾ? ವಾರಕ್ಕೊಂದು ಸಲ ನೀರು ತೆಗೆದ್ರೆ ಸಾಲದು. ನಾನು ಸೋಮಾರಿತನ ಮಾಡ್ದೆ. ಎರಡು ಸಲ ತೆಗೆದಿದ್ರೆ ನನ್ನ ಲಿಡಿಯಾ ಇಲ್ಲೇ ಇರ್ತಿದ್ಲು, ಅಲ್ವಾ?"

ನಿಜ ಹೇಳಿದರೆ ಅವಳ ಮುಂದಿನ ಪ್ರಶ್ನೆ ಏನು ಅಂತ ನನಗೆ ಗೊತ್ತಿತ್ತು. ಕಿಟಕಿಯಲ್ಲಿ ಕೂತು ನೋಡ್ತಿದ್ರಲ್ಲ, ಯಾಕೆ ಹೇಳಲಿಲ್ಲ ಅಂತ ಕೇಳುತ್ತಾಳೆ. ಬಲ್ಬಿನಾ ಒಲೆ ಹತ್ತಿರ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಹೌದಮ್ಮಾ" ಅಂದೆ.

ಅವಳು ತಲೆಯಾಡಿಸಿದಳು, ಬ್ರೆಡ್ಡು ಮೇಜಿನ ಮೇಲಿಟ್ಟು ಹೋದಳು. ಬಲ್ಬಿನಾ ಅದನ್ನು ಕತ್ತರಿಸಲಿಲ್ಲ, ನನ್ನ ಮುಂದೆ ಇಡಿಯಾಗಿಯೇ ತಂದಿಟ್ಟಳು.

ಇವತ್ತು ಬುಧವಾರ. ಶನಿವಾರದ ಜೊತೆ ಈಗ ಇದೂ ಸೇರಿದೆ. ಹಿತ್ತಲಲ್ಲಿ ಬಕೆಟ್ಟಿನ ಹಿಡಿ ಸದ್ದು ಮಾಡುತ್ತಿದೆ. ಎಂಟನೆಯದನ್ನು ಸುರಿದು, ಬೆನ್ನು ಹಿಡಿದುಕೊಂಡು ಒಳಗೆ ಹೋದಳು. ಇನ್ನೂ ತಿಳಿಯಾಗಿಲ್ಲ ಅಂತ ಕಾಣುತ್ತೆ.